ಬ್ಯಾಡಗಿಗೆ ಹೋಗುತ್ತಿದ್ದ ಮೂರನೆಯ ಡಿಸ್ಕು

ಅಕ್ಕಾರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪು. ಮೆಹಂದಿಯಲ್ಲ, ಬ್ಯಾಡಗಿಯ ಮನೆಯಲ್ಲಿ ಬೆಳಿಗ್ಗೆ ಒಂದು ತಾಸು ಮೆಣಸಿನಕಾಯಿ ತೊಟ್ಟು ಬಿಡಿಸಿಯೇ ಹಾವೇರಿಯ ಬಸ್ಸು ಹತ್ತುತ್ತಿದ್ದರು. ನಮ್ಮ ಕಣ್ಣಿನ ಆಸ್ಪತ್ರೆಯ ಕಂಪ್ಯೂಟರ್ ಕೋಣೆ ಅವರದು. ಊರಿನವರ ಕಣ್ಣಿನ ಚಿತ್ರಗಳನ್ನೆಲ್ಲ ಜೋಪಾನ ಮಾಡುತ್ತಿದ್ದರು, ತಮ್ಮ ಕಣ್ಣನ್ನು ಮಾತ್ರ ಅಪ್ಪಿತಪ್ಪಿಯೂ ಉಜ್ಜಿಕೊಳ್ಳುತ್ತಿರಲಿಲ್ಲ. ಎಲ್ಲರೂ ಅಕ್ಕಾರು ಅನ್ನುತ್ತಿದ್ದೆವು.

ನಾನು ಅವರ ಕೈಕೆಳಗೆ ಸೇರಿದವಳು. ಹೇಳಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಎರಡು ಡಿಸ್ಕು, ಎರಡರಲ್ಲೂ ಅವೇ ಚಿತ್ರಗಳು. ಸಾಲದ್ದಕ್ಕೆ ಮೂರನೆಯದನ್ನು ಶನಿವಾರ ತುಂಬಿಸಿ, ಡಾಕ್ಟರ ಒಪ್ಪಿಗೆಯಿಂದ ಬ್ಯಾಡಗಿಗೆ ಒಯ್ಯುತ್ತಿದ್ದರು.

"ಎರಡು ಸಾಲೂದಿಲ್ಲೇನ್ರಿ?"

"ನಮ್ಮವ್ವ ಮೆಣಸಿನ ಬೀಜಾ ಹಲಗೇರ್ಯಾಗಿನ ಸಣ್ಣವ್ವನ ಮನ್ಯಾಗೂ ಒಂದ ಗಂಟು ಇಡ್ತಿದ್ಲು. ಹಾಂಗ ಇದು."

ಬೀಜಕ್ಕೂ ಡಿಸ್ಕಿಗೂ ಏನು ಸಂಬಂಧವೋ, ಶಿವನೇ ಬಲ್ಲ!

ಅಕ್ಕಾರು ರಜೆಯಲ್ಲಿದ್ದ ಒಂದು ದಿನ, ಜಾಗ ತುಂಬಿದೆ ಎಂದು ಪರದೆಯ ಮೇಲೆ ಬಂತು. ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲಿ ಇದ್ದೇ ಇರುತ್ತದಲ್ಲ ಎಂದು ಜಾಣತನ ಮಾಡಿ ಹಳೆಯ ಚಿತ್ರಗಳನ್ನೆಲ್ಲ ಅಳಿಸಿದೆ. ಎರಡರಲ್ಲೂ ಹೋದವು. ಹೊರಗೆ ಕುಮಾರಪಟ್ಟಣದ ಲಾರಿ ಡ್ರೈವರ್ ಒಬ್ಬರು ಕೂತಿದ್ದರು. ಅವರ ಕಣ್ಣಿನ ನರ ಸವೆಯುತ್ತಿದೆಯೋ ಇಲ್ಲವೋ ಎಂಬುದನ್ನು ಡಾಕ್ಟರು ಹಿಂದಿನ ಚಿತ್ರದ ಜೊತೆ ಹೋಲಿಸಿಯೇ ಹೇಳಬೇಕಿತ್ತು. ಅಳುತ್ತಾ ಅಕ್ಕಾರಿಗೆ ಫೋನು ಮಾಡಿದೆ.

ಮುಂದಿನ ಬಸ್ಸಿಗೇ ಬಂದರು, ಸೆರಗಿನಡಿ ಡಿಸ್ಕು. ಚಿತ್ರ ಸಿಕ್ಕಿತು. ನರ ಸವೆದಿತ್ತು, ಔಷಧ ಅಂದೇ ಬದಲಾಯಿತು. ಆತ ಇವತ್ತಿಗೂ ಲಾರಿ ಓಡಿಸುತ್ತಾರೆ.

"ಹಾಂಗಾದ್ರ ಎರಡೆರಡು ಯಾಕ ಇಟ್ಟೀರಿ ಅಕ್ಕಾರ?" ಎಂದೆ, ತಪ್ಪು ನನ್ನದಾದರೂ ಸಿಟ್ಟಿನಿಂದ.

"ಒಂದು ಕೆಟ್ರ ಇನ್ನೊಂದು ನಡೀಲಿ ಅಂತ. ನೀ ಒಂದರಾಗ ಅಳಿಸು ಅಂದ್ರ ಇನ್ನೊಂದೂ ಅಳಸತೈತಿ, ಪಾಪ, ಅದಕ್ಕೇನ ಗೊತ್ತು? ಮೂರನೇದು ಡಿಸ್ಕು ಕೆಟ್ಟಾಗ ಅಲ್ಲ ತಂಗಿ, ನಮ್ಮ ಕೈ ಕೆಟ್ಟಾಗ."

ಡಾಕ್ಟರು ಗದರಲು ಬಂದಾಗ, "ಕಲಿಸದ ತಪ್ಪು ನಂದ್ರಿ" ಎಂದು ತಾವೇ ಮುಂದೆ ನಿಂತರು.

ಹೋದ ವರ್ಷ ಅಕ್ಕಾರು ತೀರಿಕೊಂಡರು. ಶನಿವಾರದ ಡಿಸ್ಕು ಈಗ ನನ್ನ ಚೀಲದಲ್ಲಿ ರಾಣೆಬೆನ್ನೂರಿಗೆ ಬರುತ್ತದೆ. ಈ ಮೂರನೆಯ ಡಿಸ್ಕು ಯಾಕೆ ಎಂದು ಮನೆಯವರು ಕೇಳಿದರೆ ಇನ್ನೂ ತಡವರಿಸುತ್ತೇನೆ. ಕೊನೆಗೆ ಮೆಣಸಿನ ಬೀಜದ ಕತೆಯನ್ನೇ ಹೇಳುತ್ತೇನೆ.

ಮೊನ್ನೆ ಮತ್ತೆ ಜಾಗ ತುಂಬಿತು. ಬೇಡವಾದದ್ದನ್ನು ಹುಡುಕುತ್ತಿದ್ದಾಗ ಅಕ್ಕಾರ ಹೆಸರು ಕಂಡಿತು. ಕನ್ನಡಕ ಬದಲಿಸುವಾಗ ತೆಗೆಸಿದ ಅವರದೇ ಕಣ್ಣಿನ ಚಿತ್ರ. ಅದಿನ್ನು ಯಾವ ಡಾಕ್ಟರಿಗೂ ಬೇಡ. ಮೂರೂ ಡಿಸ್ಕಿನಲ್ಲಿ ಇದೆಯೋ ಎಂದು ಎರಡೆರಡು ಸಲ ನೋಡಿ, ಅಲ್ಲೇ ಬಿಟ್ಟೆ.