ಹಾಡದೆ ಸತ್ತ ರಾಜ

ನಮ್ಮೂರ ನಾಟಕದಲ್ಲಿ ರಾಜನ ಪಾತ್ರ ನನ್ನದು. ಎದೆಗೆ ಬಾಣ ನಾಟಿದ ಮೇಲೆ ಮೂರು ಹಾಡು ಹೇಳಿ ಸಾಯುತ್ತೇನೆ. ಜನ ‘ಒನ್ಸ್ ಮೋರ್’ ಎಂದರೆ ಎದ್ದು, ಕೊನೆಯದನ್ನು ಮತ್ತೆ ಹಾಡಿ, ಮತ್ತೆ ಸಾಯುತ್ತೇನೆ. ಸಾದಲಿಯಲ್ಲಿ ಒಂದೇ ಆಟದಲ್ಲಿ ನಾಲ್ಕು ಸಲ ಸತ್ತಿದ್ದೇನೆ.

ಅದೇ ನಾಟಕ ಈಚೆಗೆ ಸಿನಿಮಾ ಆಯಿತು. ನಮಗೆ ಹಾಡು ಕಲಿಸಿದ ಹಾರ್ಮೋನಿಯಂ ಮೇಷ್ಟ್ರನ್ನು ಕರೆದುಕೊಂಡು ಚಿಂತಾಮಣಿಯ ಟಾಕೀಸಿಗೆ ಹೋದೆ. ಕುದುರೆಗಳು ಚೆನ್ನಾಗಿದ್ದವು. ಕೊನೆಗೆ ಬಾಣ ಬಂತು. ಮೇಷ್ಟ್ರು ನನ್ನ ಮೊಣಕಾಲ ಮೇಲೆ ಬೆರಳಿಟ್ಟು ನುಡಿಸಲು ಸಿದ್ಧರಾದರು. ರಾಜ ಒಮ್ಮೆ ಕೆಮ್ಮಿ ಸತ್ತುಹೋದ.

“ಒನ್ಸ್ ಮೋರ್!” ಎಂದು ಮೇಷ್ಟ್ರು ಕೂಗಿದರು. ನಾನೂ ಕೂಗಿದೆ. ರಾಜ ಏಳಲಿಲ್ಲ. ದೀಪ ಹತ್ತಿದರೂ ನಾವು ಏಳಲಿಲ್ಲ.

ಗೇಟಿನವನು ಬಂದು, “ಪಿಕ್ಚರ್ ಮುಗೀತು, ಎದ್ದೇಳಿ ಸ್ವಾಮಿ,” ಎಂದ.

“ಹಾಡು ಹೇಳದೆ ಹೆಂಗಪ್ಪ ಸಾಯ್ತಾನೆ? ಮುಂದಿನ ಶೋನಲ್ಲಾದ್ರೂ ಹೇಳ್ತಾನಾ?” ಎಂದು ಮೇಷ್ಟ್ರು ಕೇಳಿದರು.

“ಶುಕ್ರವಾರದಿಂದ ದಿನಕ್ಕೆ ನಾಲ್ಕು ಸಲ ಸಾಯ್ತಾವ್ನೆ. ಒಂದು ಸಲಾನೂ ಹೇಳಿಲ್ಲ.”

ಮೇಷ್ಟ್ರು ಟವೆಲ್ ಕೊಡವಿಕೊಂಡು ಎದ್ದರು. ನನ್ನ ಕಡೆ ತಿರುಗಿ, “ದಿನಾ ನಾಲ್ಕು ಸಲ ಪ್ರಾಕ್ಟೀಸ್ ಮಾಡಿದ್ರೂ ಬರಲಿಲ್ಲ ಅಂದ್ರೆ, ಅವನಿಗೆ ಪಾತ್ರ ಕೊಟ್ಟಿದ್ದೇ ತಪ್ಪು ಕಣಪ್ಪ,” ಎಂದರು.