ಹಲಗೆಯ ಮೇಲೆ ಯಾರೂ ಹಾಡುತ್ತಿರಲಿಲ್ಲ

ಪಿಎಚ್‌ಡಿಯ ಐದನೇ ವರ್ಷದಲ್ಲಿ ನನ್ನ ಮಾರ್ಗದರ್ಶಕರು ಮೂರನೇ ಅಧ್ಯಾಯವನ್ನು ಕೈಬಿಡು ಎಂದರು. ಗೋವಾದ ಅದಿರು ಸಾಗಣೆಯ ತಂತ್ರಜ್ಞಾನದ ಇತಿಹಾಸ ನನ್ನ ವಿಷಯ. ಮೊದಲೆರಡು ಅಧ್ಯಾಯಗಳಲ್ಲಿ ಕ್ರೇನು, ಕನ್ವೇಯರ್ ಬೆಲ್ಟು ಇದ್ದವು. ಅವುಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ. ಮೂರನೆಯದರಲ್ಲಿ ನನ್ನ ಅವ್ವ ಇದ್ದಳು. ವಿಜಯಪುರದ ಕಡೆಯಿಂದ ಗೋವಾದ ಉಸಗಾಂವಕ್ಕೆ ಕೂಲಿಗೆ ಬಂದವಳು. ಬೆಲ್ಟು ಇಲ್ಲದ ನದಿಯ ಸಣ್ಣ ಧಕ್ಕೆಯೊಂದರಲ್ಲಿ, ದಡದಿಂದ ಅದಿರು ಸಾಗಿಸುವ ಚಪ್ಪಟೆ ದೋಣಿಗೆ, ಅಂದರೆ ಬಾರ್ಜಿಗೆ ಹಾಕಿದ ಹಲಗೆಯ ಮೇಲೆ ಬುಟ್ಟಿ ಹೊತ್ತು ನಡೆದು ಅದಿರು ತುಂಬಿದ ಹೆಂಗಸರಲ್ಲಿ ಒಬ್ಬಳು.

"ಇದು ಬರೀ ದುಡಿಮೆ, ತಂತ್ರಜ್ಞಾನವಲ್ಲ. ದಾಖಲೆಯಾದರೂ ಎಲ್ಲಿದೆ? ಹೆಂಗಸರು ಹಾಡುತ್ತ ಹೆಜ್ಜೆ ಹಾಕುವ ಭಾಗ ಚೆನ್ನಾಗಿದೆ. ಅದನ್ನು ಯಾವುದಾದರೂ ಜಾನಪದ ಪತ್ರಿಕೆಗೆ ಕಳಿಸು," ಎಂದರು.

ಮೈಯೆಲ್ಲ ಉರಿಯಿತು. ಕ್ರೇನಿಗೆ ಯಾವ ಗ್ರೀಸು ಹಚ್ಚಬೇಕು ಎಂಬುದಕ್ಕೂ ನನಗೆ ಕಾಗದ ಸಿಕ್ಕಿತ್ತು. ಆ ಹೆಂಗಸರ ಬಗ್ಗೆ ಸಿಕ್ಕಿದ್ದು ಒಂದೇ ಪದ: ಕೂಲಿಗಳು. ಅಧ್ಯಾಯ ಬಿಡುವುದಿಲ್ಲ ಎಂದು ಹೇಳಿ ಎದ್ದುಬಂದೆ. ಹಾಗಾದರೆ ಪದವಿಯ ಆಸೆ ಬಿಡು ಎಂಬುದು ಅವರ ಮುಖದಲ್ಲೇ ಇತ್ತು.

ಫಾತೋರ್ಡಾದ ಮನೆಗೆ ಬಂದವಳೇ ಅವ್ವನನ್ನು ಕೂರಿಸಿಕೊಂಡು ಅಧ್ಯಾಯವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅವಳು ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡಿದ್ದೆ. ಹಾಡು ಬರುತ್ತಲೇ ಅವಳು ಮೆಂತ್ಯೆ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

"ಯಾಕ ಸುಳ್ಳ ಬರದಿ?"

"ಸುಳ್ಳೇನ್ ಬೇ?"

"ಹಲಗಿ ಮ್ಯಾಲ ಯಾವಾಕಿ ಹಾಡ್ತಾಳ? ಹಾಡಿದ್ರ ಹೆಜ್ಜಿ ಕೂಡ್ತಾವು. ಹೆಜ್ಜಿ ಕೂಡಿದ್ರ ಹಲಗಿ ಕುಣಿತೈತಿ. ಬುಟ್ಟಿ ಸಮೇತ ನೀರಾಗ ಬೀಳ್ತೀವಿ. ಮುಂದಿನಾಕಿ ಕಾಲ ಊರಿದಾಗ ಹಿಂದಿನಾಕಿ ಕಾಲ ಎತ್ತಿರಬೇಕು. ಹೊಸದಾಗಿ ಬಂದಾಕಿಗೆ ಮದಲ ಅದನ್ನ ಕಲಸ್ತಿದ್ವಿ, ಬುಟ್ಟಿ ಆಮ್ಯಾಲ."

ನಾಚಿಕೆಯಾಯಿತು. ಹಾಡಿನ ಮಾತು ನನಗೆ ಯಾವ ದಾಖಲೆಯಲ್ಲೂ ಸಿಕ್ಕಿರಲಿಲ್ಲ. ದುಡಿಯುವ ಹೆಂಗಸರೆಂದರೆ ಹಾಡಲೇಬೇಕು ಎಂದು ನಾನೇ ತಿಳಿದುಕೊಂಡಿದ್ದೆ. ಐದು ವರ್ಷ ಊರೂರಿನ ಪತ್ರಾಗಾರ ಸುತ್ತಿದವಳು, ಒಂದೇ ಗೋಡೆಯ ಆಚೆ ಮಲಗುವ ಅವ್ವನನ್ನು ಹಲಗೆಯ ಮೇಲೆ ಹೇಗೆ ನಡೆಯುತ್ತಿದ್ದಿರಿ ಎಂದು ಒಂದು ಮಾತು ಕೇಳಿರಲಿಲ್ಲ. ಮಾರ್ಗದರ್ಶಕರ ಮೇಲೆ ಹಾರಾಡಿದ ನಾನೂ ಅವರು ಮಾಡಿದ್ದನ್ನೇ ಮಾಡಿದ್ದೆ.

ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಹತ್ತಿರ ಹೋದೆವು. ಮೇಸ್ತ್ರಿ ನಮ್ಮ ವಿಜಯಪುರದ ಕಡೆಯವನೇ. ಎರಡು ಇಟ್ಟಿಗೆ ರಾಶಿಗಳ ನಡುವೆ ಉದ್ದನೆಯ ಹಲಗೆ ಹಾಕಿಕೊಟ್ಟ. ಅವ್ವ ಮುಂದೆ, ನಾನು ಹಿಂದೆ. ಮೊದಲ ಸಲ ಇಬ್ಬರ ಹೆಜ್ಜೆ ಕೂಡಿಸಿ ನಡೆದೆವು. ನಾಲ್ಕನೇ ಹೆಜ್ಜೆಗೆ ಹಲಗೆ ನನ್ನನ್ನು ಮರಳಿನ ಗುಡ್ಡೆಗೆ ಎಸೆಯಿತು. ಕೆಲಸದವರೆಲ್ಲ ನಕ್ಕರು. ಎರಡನೇ ಸಲ ಅವ್ವ ಹೇಳಿದಂತೆ ನಡೆದೆ. ಹಲಗೆ ತೆಪ್ಪಗೆ ಮಲಗಿತ್ತು.

"ಈಗರೆ ತಿಳೀತೋ ಇಲ್ಲೋ? ಬರಕೋ," ಎಂದಳು. ಅಲ್ಲೇ ಮರಳಿನ ಮೇಲೆ ಕೂತು ಬರೆದುಕೊಂಡೆ.

ಹಾಡಿನ ಪುಟಗಳನ್ನು ಹರಿದು ಹಾಕಿ ಅಧ್ಯಾಯವನ್ನು ಹೊಸದಾಗಿ ಬರೆದೆ. ಮಾರ್ಗದರ್ಶಕರಿಗೆ ಇಷ್ಟವಾಗಿದ್ದ ಒಂದೇ ಭಾಗವೂ ಹೋಯಿತು. ಸಹಿ ಹಾಕಲು ಅವರು ಮತ್ತೊಂದು ವರ್ಷ ಎಳೆದಾಡಿದರು. ನಾನು ಒಂದು ಸಾಲನ್ನೂ ಬದಲಿಸಲಿಲ್ಲ. ಸಾಕಾಗಿ ಅವರೇ ಸಹಿ ಹಾಕಿದರು, ನಿನ್ನ ಹಣೆಬರಹ ಎಂದು ಗೊಣಗುತ್ತ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಮೂರನೇ ಅಧ್ಯಾಯಕ್ಕೇ ಬಂದರು. "ಈ ವಿಧಾನಕ್ಕೆ ಆಧಾರ ಏನು? ಕ್ರೇನಿಗೆ ನಕ್ಷೆ ಕೊಟ್ಟಿದ್ದೀರಿ. ಇದಕ್ಕೆ?"

ಅವ್ವ ಕೊನೆಯ ಸಾಲಿನಲ್ಲಿ, ಇದ್ದುದರಲ್ಲಿ ಚಲೋ ಸೀರೆ ಉಟ್ಟು ಕೂತಿದ್ದಳು. ಇಂಗ್ಲಿಷ್ ತಿಳಿಯದಿದ್ದರೂ ಅವರ ಧಾಟಿ ತಿಳಿದಿತ್ತು. ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟಳು. "ಹಲಗಿ ಎಲ್ಲೈತ್ರಿ?" ಎಂದು ಅವರನ್ನೇ ಕೇಳಿದಳು.

ನಾನು ಅವಳ ಮಾತನ್ನು ಅವರಿಗೆ ತಿಳಿಸಿ, ಅಧ್ಯಾಯದ ಕೊನೆಯ ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದೆ. ಪದವಿ ಸಿಕ್ಕ ಪ್ರಬಂಧದಲ್ಲಿ ಇವತ್ತಿಗೂ ಅದು ಹಾಗೇ ಇದೆ: ಆಧಾರ, ಲೇಖಕಿಯ ತಾಯಿ. ಅನುಮಾನ ಇದ್ದವರು ಹಲಗೆ ಹಾಕಿಸಿಕೊಂಡು ಅವಳ ಹಿಂದೆ ನಡೆದು ನೋಡಬಹುದು.