ಕೊಪ್ಪಕ್ಕೆ ಒಂದು ಟಿಕೆಟ್

ಆಟಿಸಂ ಇರುವ ನನ್ನ ಮಗನಿಗೆ ಹದಿನೆಂಟು ತುಂಬುತ್ತಾ ಬಂತು. ನಾನಿಲ್ಲದ ಕಾಲಕ್ಕೂ ಒಬ್ಬನೇ ಬಸ್ಸಿನಲ್ಲಿ ಓಡಾಡಲಿ ಅಂತ, ಕಂಡಕ್ಟರ್ ಕೇಳಿದರೆ "ಕೊಪ್ಪ, ಒಂದು" ಅನ್ನುವುದನ್ನು ತಿಂಗಳುಗಟ್ಟಲೆ ಕಲಿಸಿದ್ದೆ. ಮೊನ್ನೆ ಹರಿಹರಪುರದಲ್ಲಿ ಬಸ್ ಹತ್ತಿದರೆ, ಕಂಡಕ್ಟರ್ ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ.

"ಅವ್ನಿಗೆಂತಕ್ಕೆ ತೊಂದ್ರೆ ಅಕ್ಕಾ? ನಮ್ಮ ಹುಡುಗ, ನಾನೇ ಇಳಿಸ್ತೀನಿ."

ಪಕ್ಕದ ಅಜ್ಜಿ ಕಿಟಕಿ ಸೀಟು ಬಿಟ್ಟುಕೊಟ್ಟು, ಕೈಗೆ ಬಾಳೆಹಣ್ಣನ್ನೂ ಇಟ್ಟರು. ಈ ಒಳ್ಳೆಯವರ ಕಾಟ ಸಾಕಾಗಿಹೋಗಿತ್ತು.

"ನಿನ್ನ ಉಪಕಾರ ಸಾಕು ಮಾರಾಯ, ಅವನನ್ನೇ ಕೇಳು!" ಎಂದು ಕಿರುಚಿದೆ. ಇಡೀ ಬಸ್ಸು ತಿರುಗಿ ನೋಡಿತು.

ಕಂಡಕ್ಟರ್ ಪೆಚ್ಚಾಗಿ, "ಎಲ್ಲಿಗೆ?" ಎಂದ.

"ಕೊಪ್ಪ, ಒಂದು."

"ಮತ್ತೆ ಅಮ್ಮಂಗೆ?"

ಮಗ ಕಿಟಕಿಯಿಂದ ಕಣ್ಣು ತೆಗೆಯದೆ ಹೇಳಿದ, "ಒಂದೇ."

ನಾನಿಲ್ಲದ ಕಾಲಕ್ಕೆಂದು ಕಲಿಸಿದ ಪಾಠವನ್ನು ನನ್ನೆದುರೇ ಒಪ್ಪಿಸಿಬಿಟ್ಟ. ನನ್ನ ಟಿಕೆಟ್ ನಾನೇ ತಗೊಂಡೆ.